ನಿಲ್ಲದ ವಿಳಾಸ

ವಿಳಾಸವೆಂಬುದು ಅಂಚೆಯವನಿಗೆ ಸಂಬಂಧಪಟ್ಟ ವಿಷಯವೆಂದೇ ನಾನು ಬಹುಕಾಲ ತಿಳಿದಿದ್ದೆ. ಶ್ರೋತೃಗಳಲ್ಲಿ ಅನೇಕರು ಇಂದಿಗೂ ಹಾಗೆಯೇ ತಿಳಿದಿರಬಹುದು. ಬೀದಿಯ ಹೆಸರು, ಮನೆಯ ನಂಬರು, ಊರು, ಪಿನ್‌ಕೋಡು, ಇಷ್ಟಿದ್ದರೆ ಮನುಷ್ಯನೊಬ್ಬ ಲೋಕದ ಕೈಗೆ ಸಿಕ್ಕಿದಂತೆಯೇ. ಆದರೆ ಸಾಗರ ತಾಲ್ಲೂಕಿನ ನಮ್ಮ ಹಳೆಯ ಮನೆಗೆ ಇನ್ನೊಂದು ಬಗೆಯ ವಿಳಾಸವೂ ಉಂಟೆಂಬುದು, ಅದು ರಾತ್ರಿ ಕಳೆದು ಬೆಳಗಾಗುವುದರೊಳಗೆ ಬದಲಾಗಬಲ್ಲುದೆಂಬುದು, ಮೂರು ವರ್ಷಗಳ ಹಿಂದೆ ಅಡಿಕೆ ಸುಗ್ಗಿಯ ಕಾಲದಲ್ಲಿ ನನ್ನ ಅನುಭವಕ್ಕೆ ಬಂತು. ಈ ಹೊತ್ತು ತಮ್ಮ ಮುಂದೆ ಹೇಳಹೊರಟಿರುವುದು ಆ ಸಂಗತಿಯನ್ನೇ.

ಆ ಮನೆಯಲ್ಲಿ ಈಗ ಇರುವವರು ನನ್ನ ತಾಯಿಯೊಬ್ಬರೇ. ವಯಸ್ಸು ಎಂಬತ್ತು ದಾಟಿದೆ. ಬೆಂಗಳೂರಿಗೆ ಬಂದು ನಮ್ಮೊಡನಿರಮ್ಮ ಎಂದರೆ, “ಅಲ್ಲಿ ಬಂದು ಎಂತ ಮಾಡಲಿ? ಕಿಟಕಿ ತೆಗೆದರೆ ಇನ್ನೊಬ್ಬರ ಕಿಟಕಿ” ಎನ್ನುತ್ತಾರೆ. ಹಗಲು ಆಳುಕಾಳುಗಳಿರುತ್ತಾರೆ, ಮಾತಿಗೆ ಕೊರತೆಯಿಲ್ಲ. ರಾತ್ರಿಯಾದರೆ ಅರ್ಧ ಮೈಲಿಯವರೆಗೆ ಇನ್ನೊಂದು ದೀಪ ಕಾಣದು. ಸುಲಿದು ಬೇಯಿಸಿದ ಅಡಿಕೆ ಅಂಗಳದಲ್ಲಿ ಒಣಗುವ ದಿನಗಳಲ್ಲಿ ಕಳ್ಳರ ಭಯ ಬೇರೆ. ದೀಪಾವಳಿಗೆ ಬಂದ ನನ್ನ ಅಕ್ಕನ ಮಗ ನಾಲ್ಕು ಕ್ಯಾಮೆರಾಗಳನ್ನು ತಂದು ಕೂರಿಸಿದ. ಅಂಗಳಕ್ಕೆ ಎರಡು, ಹೆಬ್ಬಾಗಿಲಿಗೆ ಒಂದು, ನಡುಮನೆಗೆ ಒಂದು. ನಡುಮನೆಯದು ಕಳ್ಳರಿಗಾಗಿ ಅಲ್ಲ, ಅಮ್ಮನಿಗಾಗಿ. ಕಾಲು ಜಾರಿ ಬಿದ್ದರೆ ನೋಡುವವರಾರು ಎಂಬುದು ನಮ್ಮೆಲ್ಲರ ಮನಸ್ಸಿನಲ್ಲಿದ್ದ, ಯಾರೂ ಬಾಯಿಬಿಟ್ಟು ಹೇಳದ ಅಂಜಿಕೆ.

“ಮಾವ, ಇದು ನಮ್ಮ ಮನೆಯ ಐ.ಪಿ. ವಿಳಾಸ” ಎಂದು ಹುಡುಗ ನನ್ನ ಫೋನಿನಲ್ಲಿ ನಾಲ್ಕು ಸಂಖ್ಯೆಗಳನ್ನು ನಡುನಡುವೆ ಚುಕ್ಕಿಯಿಟ್ಟು ಬರೆದುಕೊಟ್ಟ. ಬೆಂಗಳೂರಿನಲ್ಲಿ ಮಲಗುವ ಮುನ್ನ ಅದನ್ನು ಒತ್ತಿದರೆ ಊರಿನ ಅಂಗಳ ಕಾಣುತ್ತಿತ್ತು. ನಡುಮನೆಯ ನಂದಾದೀಪ ಕಾಣುತ್ತಿತ್ತು. ಬೆಳಗಿನ ಹೊತ್ತು ಅರ್ಧ ಗಂಟೆ ಮಾತ್ರ ನಡುಮನೆಯ ಕ್ಯಾಮೆರಾ ಕಪ್ಪಾಗಿರುತ್ತಿತ್ತು. ಯಂತ್ರದ ದೋಷವೆಂದು ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಪುಷ್ಯಮಾಸದ ಒಂದು ರಾತ್ರಿ ಒತ್ತಿದರೆ ಏನೂ ಕಾಣಲಿಲ್ಲ. ಮತ್ತೆ ಒತ್ತಿದೆ. ಅಮ್ಮನಿಗೆ ಫೋನು ಮಾಡಿದೆ. ಗಂಟೆ ಹೊಡೆಯಿತು, ಎತ್ತುವವರಿಲ್ಲ. ಹನ್ನೊಂದಾಯಿತು, ಹನ್ನೊಂದೂವರೆಯಾಯಿತು. ಕೊನೆಗೆ ನೆರೆಯವರನ್ನು ಎಬ್ಬಿಸಿದೆ. ಅವರು ಚಳಿಯಲ್ಲಿ ಬ್ಯಾಟರಿ ಹಿಡಿದು ತೋಟದ ದಾರಿಯಲ್ಲಿ ಹೋಗಿ ಬಾಗಿಲು ಬಡಿದರೆ, ಅಮ್ಮ ಕಂಬಳಿ ಹೊದ್ದು ಸುಖವಾಗಿ ನಿದ್ರಿಸುತ್ತಿದ್ದರು. ಫೋನು ಅಡುಗೆಮನೆಯಲ್ಲಿತ್ತು. ಮರುದಿನ ನನಗೆ ಬಿದ್ದ ಬೈಗುಳವನ್ನು ಇಲ್ಲಿ ವಿವರಿಸುವುದಿಲ್ಲ. ಸಂಜೆ ಒಮ್ಮೆ ಕರೆಂಟು ಹೋಗಿ ಬಂದಿತ್ತು, ನಡೆದದ್ದು ಅಷ್ಟೆ. ಮನೆ ಇದ್ದಲ್ಲೇ ಇತ್ತು, ವಿಳಾಸ ಮಾತ್ರ ಹೊರಟುಹೋಗಿತ್ತು.

ಹೀಗೇಕಾಗಬೇಕು? ಅಂತರಜಾಲದ ವಿಳಾಸಪದ್ಧತಿಯನ್ನು 1981ರಲ್ಲಿ ಗೊತ್ತುಪಡಿಸಿದವರು ಸುಮಾರು 429 ಕೋಟಿ ಸಂಖ್ಯೆಗಳಿಗೆ ಎಡೆಯಿಟ್ಟರು. ಬೆರಳೆಣಿಕೆಯ ವಿಶ್ವವಿದ್ಯಾಲಯಗಳೂ ಸೈನ್ಯದ ಕಚೇರಿಗಳೂ ಬಳಸುತ್ತಿದ್ದ ಆ ಕಾಲಕ್ಕೆ ಅದು ಅಕ್ಷಯಪಾತ್ರೆಯಂತೆ ತೋರಿರಬೇಕು. 2011ರ ಫೆಬ್ರವರಿಯಲ್ಲಿ ಜಗತ್ತಿನ ಕೇಂದ್ರ ಕಣಜ ಬರಿದಾಯಿತು. ಸಂಪರ್ಕ ಕೊಡುವ ಕಂಪನಿಗಳು ತಮ್ಮ ಪಾಲಿಗೆ ಬಂದ ಸಂಖ್ಯೆಗಳನ್ನು ಗಿರಾಕಿಗಳಿಗೆ ಕೊಟ್ಟುಬಿಡುವುದಿಲ್ಲ, ಅವಧಿಯ ಮೇಲೆ ಎರವಲು ಕೊಡುತ್ತವೆ. ಆ ಅವಧಿಗೆ ಯಂತ್ರವಿದರು ಇಟ್ಟಿರುವ ಹೆಸರೇ ಲೀಸು. ಬೆಂಗಳೂರಿನವರಿಗೆ ತಿಳಿಯುವಂತೆ ಹೇಳಬೇಕಾದರೆ, ಭೋಗ್ಯದ ಮನೆ. ಕರೆಂಟು ಹೋಗಿ ಬಂದಾಗ ಗೋಡೆಯ ಮೇಲಿನ ರೂಟರ್ ಎಂಬ ಪೆಟ್ಟಿಗೆ ಹೊಸದಾಗಿ ಮನೆ ಕೇಳುತ್ತದೆ. ಹಳೆಯದೇ ಸಿಕ್ಕರೂ ಸಿಕ್ಕೀತು, ಸಿಗದಿದ್ದರೂ ಇಲ್ಲ.

ಇದಕ್ಕೆ ಎರಡು ಪರಿಹಾರಗಳುಂಟೆಂದು ಹುಡುಗ ಹೇಳಿದ. ಒಂದು, ಕಂಪನಿಗೆ ಹೆಚ್ಚಿನ ಹಣ ಕೊಟ್ಟು ಬದಲಾಗದ ವಿಳಾಸವನ್ನು ಪಡೆಯುವುದು. ಅದಕ್ಕೆ ಸ್ಟ್ಯಾಟಿಕ್ ಐ.ಪಿ. ಎನ್ನುತ್ತಾರೆ. ಇನ್ನೊಂದು, ವಿಳಾಸ ಬದಲಾದರೆ ಬದಲಾಗಲಿ ಎಂದು ಬಿಟ್ಟು, ಮನೆಗೆ ಒಂದು ಹೆಸರಿಟ್ಟು, ಆ ಹೆಸರಿನ ಮುಂದೆ ಇಂದಿನ ಸಂಖ್ಯೆಯನ್ನು ಆಗಾಗ ತಿದ್ದಿಸುತ್ತಿರುವುದು. ಇದು ಡೈನಮಿಕ್ ಡಿ.ಎನ್.ಎಸ್.

ಈ ಎರಡನೆಯದು ನನಗೆ ಕೂಡಲೇ ಅರ್ಥವಾಯಿತು. ಕಾರಣ, ನಾನು ಬೆಂಗಳೂರಿನಲ್ಲಿ ಒಂಬತ್ತು ಬಾಡಿಗೆ ಮನೆಗಳನ್ನು ಬದಲಿಸಿದವನು. ಒಂಬತ್ತೂ ಒಂದೇ ಬಡಾವಣೆಯ ಸುತ್ತಮುತ್ತ. ಪ್ರತಿ ಸಲವೂ ಊರಿಗೆಲ್ಲ ಕಾಗದ ಬರೆಯುವ ಬದಲು ವೃತ್ತದ ಬಳಿಯ ಶೆಟ್ಟರ ಅಂಗಡಿಗೆ ಹೋಗಿ, “ಶೆಟ್ಟರೆ, ಈಗ ನಾಲ್ಕನೆಯ ಅಡ್ಡರಸ್ತೆ, ಬಾವಿಯಿರುವ ಮನೆ” ಎಂದು ಹೇಳಿಬರುತ್ತಿದ್ದೆ. ಊರಿನಿಂದ ಬಂದವರು ಬಸ್ಸಿಳಿದು ಶೆಟ್ಟರಲ್ಲಿ ಕೇಳುತ್ತಿದ್ದರು. ನನ್ನ ಮನೆ ಅಲೆಯುತ್ತಿತ್ತು, ಶೆಟ್ಟರ ಅಂಗಡಿ ನಿಂತಿತ್ತು.

ಅಂತರಜಾಲದ ಈ ಶೆಟ್ಟರಂಗಡಿಗೂ ಒಂದು ಚರಿತ್ರೆಯಿದೆ. ಮೊದಮೊದಲು ಕ್ಯಾಲಿಫೋರ್ನಿಯದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬಾಕೆಯ ನೇತೃತ್ವದಲ್ಲಿ ಎಲ್ಲ ಹೆಸರುಗಳನ್ನೂ ಒಂದೇ ಕಡತದಲ್ಲಿ ಬರೆದಿಡುತ್ತಿದ್ದರು. ಉಳಿದ ಗಣಕಗಳು ಅದರ ಪ್ರತಿ ತೆಗೆದುಕೊಳ್ಳುತ್ತಿದ್ದವು. ಕಡತ ಬೆಳೆದು ಹೊರೆಯಾದಾಗ, 1983ರಲ್ಲಿ, ಪಾಲ್ ಮೊಕಾಪೆಟ್ರಿಸ್ ಎಂಬ ವಿಜ್ಞಾನಿ ಹೆಸರುಗಳ ಲೆಕ್ಕವನ್ನು ಜಗತ್ತಿನ ನಾನಾ ಕಡೆ ಹಂಚಿಡುವ ಡಿ.ಎನ್.ಎಸ್. ಪದ್ಧತಿಯನ್ನು ರೂಪಿಸಿದರು. ಅದರಲ್ಲೂ ಲೆಕ್ಕವನ್ನು ತಿದ್ದಲು ಮನುಷ್ಯನ ಕೈಯೇ ಬೇಕಾಗಿತ್ತು. ಯಂತ್ರಗಳು ತಾವಾಗಿ ತಮ್ಮ ಹೊಸ ಸಂಖ್ಯೆಯನ್ನು ಬರೆಸುವುದಕ್ಕೆ ನಿಯಮಗಳು ಬಂದದ್ದು 1997ರಲ್ಲಿ. ಈಗ ನಮ್ಮ ಮನೆಯ ರೂಟರು ತನ್ನ ವಿಳಾಸ ಬದಲಾದೊಡನೆ ಸುದ್ದಿ ಮುಟ್ಟಿಸುತ್ತದೆ. ಕೇಳಿಕೊಂಡು ಹೋದವರು ಉತ್ತರವನ್ನು ಎಷ್ಟು ಹೊತ್ತು ನೆನಪಿನಲ್ಲಿಡಬಹುದೆಂಬುದನ್ನೂ ಜೊತೆಗೇ ಹೇಳಿಕಳುಹಿಸುತ್ತಾರೆ. ಅಲೆಯುವ ಮನೆಗಳ ವಿಷಯದಲ್ಲಿ ಆ ಅವಧಿ ಒಂದೆರಡು ನಿಮಿಷವಿದ್ದರೆ ಒಳ್ಳೆಯದು. ಇಲ್ಲವಾದರೆ ನಂಟರು ಹಳೆಯ ಮನೆಯ ಬಾಗಿಲು ಬಡಿದಾರು.

ನಾನು ಹೆಸರನ್ನೇ ಆರಿಸಿಕೊಂಡೆ. ಖರ್ಚು ಕಡಿಮೆಯೆಂಬುದೂ ಒಂದು ಕಾರಣವೆಂದು ಒಪ್ಪಿಕೊಳ್ಳುತ್ತೇನೆ. ಎಂಟು ತಿಂಗಳು ಸುಸೂತ್ರವಾಗಿ ನಡೆಯಿತು. ಆಮೇಲೆ ಸಂಪರ್ಕ ಕೊಡುತ್ತಿದ್ದವರು ಹಳೆಯ ತಂತಿಯನ್ನು ತೆಗೆದು ಗಾಜಿನ ಎಳೆಯನ್ನು ಹಾಕಿಕೊಟ್ಟರು. ವೇಗ ಹತ್ತು ಪಟ್ಟಾಯಿತು, ಕ್ಯಾಮೆರಾ ನಿಂತಿತು. ಹೆಸರು ಸರಿಯಿದೆ, ಸಂಖ್ಯೆ ಸರಿಯಿದೆ, ಬಾಗಿಲು ಮಾತ್ರ ತೆರೆಯದು.

ವಠಾರವನ್ನು ಕಂಡವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಬೀದಿಗೆ ಒಂದೇ ಬಾಗಿಲು, ಒಂದೇ ನಂಬರು. ಒಳಗೆ ಉದ್ದಕ್ಕೂ ಹನ್ನೆರಡು ಸಂಸಾರ. ವಿಳಾಸಗಳು ಸಾಲದ ಕಂಪನಿಗಳು ನೂರಾರು ಗಿರಾಕಿಗಳನ್ನು ಒಂದೇ ಸಂಖ್ಯೆಯ ಹಿಂದೆ ಕೂಡಿಸಿ, ಒಳಗಿನವರಿಗೆ ಒಳಲೆಕ್ಕದ ನಂಬರು ಕೊಡುತ್ತವೆ. ಆ ಒಳಲೆಕ್ಕಕ್ಕೆಂದೇ 2012ರಲ್ಲಿ, 100.64 ಎಂದು ಮೊದಲಾಗುವ ಒಂದು ಸಾಲನ್ನು ಮೀಸಲಿರಿಸಲಾಯಿತು. ಒಳಗಿನವರು ಹೊರಗೆ ಹೋಗಿ ಏನನ್ನಾದರೂ ಕೇಳಿದರೆ ಉತ್ತರ ಅವರಿಗೇ ಮುಟ್ಟುತ್ತದೆ, ಯಾರು ಹೋದರೆಂಬುದನ್ನು ಬಾಗಿಲಲ್ಲಿರುವವನು ಬರೆದಿಟ್ಟುಕೊಂಡಿರುತ್ತಾನೆ. ಹೊರಗಿನಿಂದ ತಾನಾಗಿ ಬಂದವನನ್ನು ಯಾವ ಮನೆಗೆ ಕಳುಹಿಸಬೇಕೆಂದು ಅವನಿಗೆ ತಿಳಿಯದು. ಶೆಟ್ಟರು ವಠಾರದ ನಂಬರನ್ನು ಎಷ್ಟು ನಿಖರವಾಗಿ ಹೇಳಿದರೇನು, ನಂಟರು ಬೀದಿಯ ಬಾಗಿಲಲ್ಲೇ ನಿಂತಿರುತ್ತಾರೆ. ಕ್ಯಾಮೆರಾ ಹಾಕಿಸುವ ಗೆಳೆಯರಿಗೆ ನಾನು ಮೊದಲು ಹೇಳುವುದು ಇದನ್ನೇ. ರೂಟರು ತನ್ನದೆಂದು ತೋರಿಸುವ ಸಂಖ್ಯೆಯೂ ಹೊರಗಿನವರಿಗೆ ಕಾಣುವ ಸಂಖ್ಯೆಯೂ ಒಂದೇ ಆದರೆ ಡೈನಮಿಕ್ ಡಿ.ಎನ್.ಎಸ್. ಒಂದು ಮನೆಗೆ ಧಾರಾಳವಾಗಿ ಸಾಕು. ಬೇರೆಬೇರೆಯಾದರೆ ತಾವು ವಠಾರದಲ್ಲಿದ್ದೀರಿ. 128 ಬಿಟ್‌ಗಳ ಹೊಸ ವಿಳಾಸಪದ್ಧತಿ ಬಂದಿದೆ. ಅದರಲ್ಲಿ ಪ್ರತಿ ಕ್ಯಾಮೆರಾಕ್ಕೂ ಸ್ವಂತ ಸಂಖ್ಯೆ ಸಿಕ್ಕೀತು. ಆದರೆ ಅದೂ ಎಷ್ಟೋ ಕಡೆ ಭೋಗ್ಯದ ಮೇಲೆಯೇ.

ನಾನು ಹಣ ಕಟ್ಟಿ ಸ್ಥಿರ ವಿಳಾಸವನ್ನು ಪಡೆದೆ. ಸ್ವಂತ ಮನೆ ಕಟ್ಟಿಸಿದವನ ಗತ್ತು ಸ್ವಲ್ಪ ಬಂದಿತ್ತೆಂದರೆ ಸುಳ್ಳಲ್ಲ.

ಬೇಸಗೆಯಲ್ಲಿ ಹುಡುಗ ಬಂದವನು ರೂಟರಿನ ದಿನಚರಿಯನ್ನು ತೆಗೆದು ತೋರಿಸಿದ. ನಿಮಿಷ ನಿಮಿಷಕ್ಕೂ ಯಾರೋ ಬಾಗಿಲು ತಟ್ಟಿದ ಗುರುತು, ಎಲ್ಲೆಲ್ಲಿಯದೋ ದೇಶಗಳಿಂದ. ಸ್ಥಿರ ವಿಳಾಸದಿಂದ ಹೀಗಾಯಿತೆ ಎಂದು ಗಾಬರಿಯಾಗಿ ಕೇಳಿದೆ. “ಇಲ್ಲ ಮಾವ, ಮೊದಲೂ ತಟ್ಟುತ್ತಿದ್ದರು” ಎಂದ. ಜಗತ್ತಿನ ಆ ಹಳೆಯ ಪದ್ಧತಿಯ ವಿಳಾಸಗಳನ್ನೆಲ್ಲ ಒಂದೇ ಯಂತ್ರದಿಂದ 45 ನಿಮಿಷದೊಳಗೆ ತಟ್ಟಿಬರಬಹುದೆಂದು ಮಿಷಿಗನ್ ವಿಶ್ವವಿದ್ಯಾಲಯದವರು 2013ರಲ್ಲಿಯೇ ಮಾಡಿ ತೋರಿಸಿದ್ದರಂತೆ. ಮನೆ ಬದಲಿಸುತ್ತಿದ್ದರೆ ಕಳ್ಳನಿಗೆ ಸಿಗುವುದಿಲ್ಲವೆಂಬ ನನ್ನ ನಂಬಿಕೆ ಅಲ್ಲಿಗೆ ಮುಗಿಯಿತು. ಇಷ್ಟರ ಮೇಲೆ ಇನ್ನೊಂದು ಸಂಗತಿ. ಚಿತ್ರಗಳನ್ನು ತುಂಬಿಡುವ ಪೆಟ್ಟಿಗೆಯ ಪಾಸ್‌ವರ್ಡನ್ನು ನಾವು ಬದಲಿಸಿಯೇ ಇರಲಿಲ್ಲ. ಕಾರ್ಖಾನೆಯಿಂದ ಬಂದದ್ದೇ ಇತ್ತು.

2016ರ ಅಕ್ಟೋಬರ್ 21ರಂದು ಅಮೆರಿಕದಲ್ಲಿ ನಡೆದುದನ್ನು ಹುಡುಗ ಆಗ ಹೇಳಿದ. ಮಿರಾಯ್ ಎಂಬ ದುಷ್ಟ ತಂತ್ರಾಂಶವೊಂದು, ಕಾರ್ಖಾನೆಗಳು ಇಟ್ಟುಕೊಡುವ ಸುಮಾರು ಅರವತ್ತು ಹೆಸರು-ಪಾಸ್‌ವರ್ಡುಗಳ ಜೋಡಿಯನ್ನು ಹಿಡಿದು ಮನೆಮನೆಯ ಕ್ಯಾಮೆರಾಗಳನ್ನೂ ಚಿತ್ರಪೆಟ್ಟಿಗೆಗಳನ್ನೂ ಹೊಕ್ಕಿತು. ವಶವಾದ ಆ ಪೆಟ್ಟಿಗೆಗಳೆಲ್ಲ ಒಟ್ಟಿಗೆ ಡೈನ್ ಎಂಬ ಕಂಪನಿಯ ಮೇಲೆ ಮುಗಿಬಿದ್ದವು. ಟ್ವಿಟರ್, ನೆಟ್‌ಫ್ಲಿಕ್ಸ್ ಮೊದಲಾದವು ಗಂಟೆಗಟ್ಟಲೆ ಜನಕ್ಕೆ ಸಿಗದೆ ಹೋದವು. ಡೈನ್ ಏನು ಮಾಡುವ ಕಂಪನಿ? ಹೆಸರನ್ನು ಹೇಳಿದರೆ ವಿಳಾಸವನ್ನು ಹೇಳುವ ಕಂಪನಿ. ಅದು ಮೊದಲು ಹೆಸರಾದದ್ದು, ಮನೆಗಳಲ್ಲಿರುವ ಇಂಥ ಯಂತ್ರಗಳಿಗೆ ಬಿಟ್ಟಿಯಾಗಿ ಡೈನಮಿಕ್ ಡಿ.ಎನ್.ಎಸ್. ಹೆಸರು ಕೊಟ್ಟೇ. ಮನೆಯ ಕ್ಯಾಮೆರಾಗಳೇ ಸೇರಿ ಶೆಟ್ಟರ ಅಂಗಡಿಯನ್ನು ಮುಚ್ಚಿಸಿದವು.

ನನ್ನ ಮನಸ್ಸು ಅಮೆರಿಕದಲ್ಲಿರಲಿಲ್ಲ. ನಡುಮನೆಯ ಕ್ಯಾಮೆರಾದಲ್ಲಿತ್ತು. ಅಮ್ಮ ದೀಪ ಹಚ್ಚುವುದನ್ನು, ಮಂಡಿನೋವಿನಿಂದ ಗೋಡೆ ಹಿಡಿದು ಏಳುವುದನ್ನು, ಒಬ್ಬರೇ ಕುಳಿತು ಊಟ ಮಾಡುವುದನ್ನು ನಾನಲ್ಲದೆ ಇನ್ನಾರು ನೋಡಿದ್ದರು? ಯಾರೂ ನೋಡಿಲ್ಲದಿರಬಹುದು. ನೋಡಿದ್ದರೂ ತಿಳಿಯುವ ದಾರಿಯಿಲ್ಲ. ಪೆಟ್ಟಿಗೆಯಲ್ಲಿ ಆ ಲೆಕ್ಕ ಉಳಿದಿರಲಿಲ್ಲ. ಒಂದು ದಿನವೆಲ್ಲ ಯೋಚಿಸಿ ಅಮ್ಮನಿಗೆ ಹೇಳಿಯೇ ಬಿಟ್ಟೆ. ಹೆದರಿಯಾರೆಂದುಕೊಂಡಿದ್ದೆ. ಅವರು ಹೂ ಕಟ್ಟುತ್ತಿದ್ದ ಕೈ ನಿಲ್ಲಿಸದೆ, “ನೀನು ನೋಡುವುದಕ್ಕೆ ಹೊಂದಿಕೊಳ್ಳಲಿಕ್ಕೇ ನನಗೆ ತಿಂಗಳು ಹಿಡಿಯಿತು. ತಲೆ ಬಾಚುವ ಹೊತ್ತಿಗೆ ಅದರ ಮೇಲೆ ಟವೆಲು ಹಾಕುತ್ತಿದ್ದೆ” ಎಂದರು.

ಬೆಳಗಿನ ಅರ್ಧ ಗಂಟೆಯ ಯಂತ್ರದೋಷ ಅದು. ಮಗನಾದವನು ಕೇಳಬೇಕಾಗಿದ್ದ ಒಂದು ಮಾತನ್ನು ನಾನು ಕೇಳಿರಲಿಲ್ಲ. ಸ್ಥಿರವೋ ಅಸ್ಥಿರವೋ ಎಂಬ ಚರ್ಚೆಯಲ್ಲಿ ಎರಡು ವರ್ಷ ಕಳೆದಿದ್ದೆ.

ಆ ಬೇಸಗೆಯಲ್ಲೇ ಹುಡುಗ ಎಲ್ಲವನ್ನೂ ಬದಲಿಸಿದ. ಹೊರಗಿನವರಿಗೆ ತೆರೆದಿದ್ದ ಕಂಡಿಯನ್ನು ಮುಚ್ಚಿದ, ಪಾಸ್‌ವರ್ಡು ಬದಲಿಸಿದ. ಈಗ ನನ್ನ ಫೋನಿಗೂ ಮನೆಯ ರೂಟರಿಗೂ ಬೇರೆಬೇರೆ ಬೀಗದ ಕೈಗಳುಂಟು, ವಿ.ಪಿ.ಎನ್. ಎಂಬ ಗುಪ್ತಮಾರ್ಗದಲ್ಲಿ ಅವೆರಡೂ ಒಂದನ್ನೊಂದು ಗುರುತಿಸಿದರೆ ಮಾತ್ರ ಅಂಗಳ ಕಾಣುತ್ತದೆ. ತಟ್ಟಿದ ಬೇರೆಯವರಿಗೆ ಉತ್ತರವೇ ಇಲ್ಲ. ಈ ಮಾರ್ಗಕ್ಕೂ ಒಂದು ವಿಳಾಸ ಬೇಕು. ಸ್ಥಿರವಿದ್ದರೆ ಅನುಕೂಲ, ಡೈನಮಿಕ್ ಹೆಸರಾದರೂ ನಡೆದೀತು. ವಠಾರದಲ್ಲಿರುವವರು ಬೇರೆ ಉಪಾಯ ಮಾಡಬೇಕು. ಗಂಡಿನವರೂ ಹೆಣ್ಣಿನವರೂ ಛತ್ರಕ್ಕೆ ಬಂದು ಸೇರುವಂತೆ, ಮನೆಯೂ ಫೋನೂ ತಾವಾಗಿ ಹೊರಟು, ಎಲ್ಲಿಯೋ ಬಾಡಿಗೆಗೆ ಹಿಡಿದ ಗಣಕವೊಂದರಲ್ಲಿ ಭೇಟಿಯಾಗಬೇಕು. ಕ್ಯಾಮೆರಾ ಮಾರುವ ಕಂಪನಿಗಳಲ್ಲಿ ಅನೇಕವು ಈಗ ಮಾಡುತ್ತಿರುವುದೂ ಇಂಥದನ್ನೇ. ವಿಳಾಸದ ಗೊಡವೆಯೇ ಬೇಡ, ಚಿತ್ರದ ಗುರುತನ್ನು ಫೋನಿಗೆ ಹಿಡಿದರೆ ಸಾಕು ಎನ್ನುತ್ತಾರೆ. ಸುಲಭವೇನೋ ಹೌದು. ಆದರೆ ಛತ್ರ ಅವರದು. ಅದರ ಇನ್ನೊಂದು ಬೀಗದ ಕೈ ಯಾರ ಬಳಿಯಿದೆಯೆಂದು ಕೇಳಿ ಹಾಕಿಸಿದವರನ್ನು ನಾನು ಕಂಡಿಲ್ಲ.

ನಡುಮನೆಯ ಕ್ಯಾಮೆರಾ ಬೇಡವೆಂದು ಅಮ್ಮನೇ ತೀರ್ಮಾನಿಸಿದರು. ಅದನ್ನು ತೆಗೆದ ಮೊಳೆಗೆ ಈಗ ಪಂಚಾಂಗ ತೂಗುಹಾಕಿದ್ದಾರೆ. ಬಿದ್ದರೆ ಗತಿಯೇನು ಎಂದು ಕೇಳಿದ್ದಕ್ಕೆ ಅವರದೇ ಒಂದು ಏರ್ಪಾಡಾಯಿತು. ಪ್ರತಿ ರಾತ್ರಿ ಎಂಟು ಗಂಟೆಗೆ ಅವರೇ ನನಗೆ ಫೋನು ಮಾಡುವುದು. ಎಂಟೂಕಾಲರವರೆಗೆ ಬರದಿದ್ದರೆ ನಾನು ನೆರೆಯವರನ್ನು ಕೂಗುವುದು. ಇಪ್ಪತ್ತು ವರ್ಷಗಳಿಂದ ಬದಲಾಗದ ನನ್ನ ನಂಬರು ಅವರಿಗೆ ಬಾಯಿಪಾಠ. ಕಳೆದ ವಾರ ಒಂದು ದಿನ ಎಂಟೂಕಾಲಾಯಿತು, ಫೋನಿಲ್ಲ. ನೆರೆಯವರ ನಂಬರನ್ನು ಒತ್ತುವಷ್ಟರಲ್ಲಿ ಗಂಟೆ ಹೊಡೆಯಿತು. ಕೊಟ್ಟಿಗೆಯಲ್ಲಿ ಹಸು ಕರು ಹಾಕಿತ್ತಂತೆ, ಹೆಣ್ಣುಕರು. “ನಿನ್ನ ಕ್ಯಾಮೆರಾಕ್ಕೆ ಕಾಣಲಿಲ್ಲವೇನೋ?” ಎಂದರು. ಕೊಟ್ಟಿಗೆಗೆ ಹಾಕಿಸಿಲ್ಲ ಅಮ್ಮ ಎಂದೆ.