ಗುಡಿಗಾಗಿ ಬೆಳೆಸಿದ ಕಾಡು

ಮರದ ಗುಡಿ ಎಷ್ಟು ಕಾಲ ಬಾಳೀತು? ಜಪಾನಿನ ಇಸೆ ಎಂಬಲ್ಲಿರುವ ಶಿಂತೋ ದೇವಾಲಯವು ಈ ಪ್ರಶ್ನೆಗೆ ನೀಡಿರುವ ಉತ್ತರ ವಿಶಿಷ್ಟವಾದುದು. ಅಲ್ಲಿ ಇಪ್ಪತ್ತು ವರ್ಷಗಳಿಗೊಮ್ಮೆ ಪಕ್ಕದ ನಿವೇಶನದಲ್ಲಿ ಅದೇ ವಿನ್ಯಾಸದ ಹೊಸ ಗುಡಿಯನ್ನು ಕಟ್ಟಿ, ದೇವರನ್ನು ಅಲ್ಲಿಗೆ ಬಿಜಯಂಗೈಸುತ್ತಾರೆ. ಕ್ರಿ.ಶ. 690ರಲ್ಲಿ ಮೊದಲಾದ ಈ ಪದ್ಧತಿಯು ಅಂತರ್ಯುದ್ಧಗಳ ಕಾಲದಲ್ಲಿ ನೂರಿಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ನಿಂತುಹೋಗಿ, ಮತ್ತೆ ಚಿಗುರಿತು. 62ನೆಯ ಪುನರ್ನಿರ್ಮಾಣವು 2013ರಲ್ಲಿ ನಡೆಯಿತು. ಮುಂದಿನದು 2033ಕ್ಕೆ ನಿಗದಿಯಾಗಿದೆ.

ಯಾತ್ರಿಕರು ಉಜಿ ಸೇತುವೆಯನ್ನು ದಾಟಿ, ಇಸುಜು ಹೊಳೆಯಲ್ಲಿ ಕೈತೊಳೆದು, ಹೆಮ್ಮರಗಳ ನಡುವೆ ಸೂರ್ಯದೇವತೆ ಅಮತೆರಾಸುವಿನ ಸನ್ನಿಧಿಗೆ ನಡೆಯುತ್ತಾರೆ. ಎರಡು ಬಾರಿ ಬಾಗಿ, ಎರಡು ಬಾರಿ ಚಪ್ಪಾಳೆ ತಟ್ಟಿ, ಮತ್ತೊಮ್ಮೆ ಬಾಗುವುದು ಅಲ್ಲಿಯ ವಂದನೆಯ ಕ್ರಮ.

ಒಂದು ಪುನರ್ನಿರ್ಮಾಣಕ್ಕೆ ಸುಮಾರು ಹತ್ತು ಸಾವಿರ ಹಿನೋಕಿ ಮರಗಳು ಬೇಕು. ಹಿನೋಕಿಯು ಸೂಜಿಯೆಲೆ ಮರಗಳ ಬಳಗಕ್ಕೆ ಸೇರಿದ, ಸುವಾಸನೆಯುಳ್ಳ ಮರ. ಸಮೀಪದ ಬೆಟ್ಟಗಳಲ್ಲಿ ದೊಡ್ಡ ಮರಗಳು ಮುಗಿದಾಗ, ದೂರದ ಕಿಸೊ ಪರ್ವತಗಳಿಂದ ದಿಮ್ಮಿಗಳನ್ನು ತರಬೇಕಾಯಿತು. ಯಾತ್ರಿಕರ ದಟ್ಟಣೆಗೆ ಸೌದೆಯೊದಗಿಸುತ್ತ ದೇವರ ಬೆಟ್ಟಗಳೇ ಬೋಳಾದವು. ಭಕ್ತಿಯೊಂದೇ ಕಾಡನ್ನು ಕಾಯಲಾರದೆಂಬುದಕ್ಕೆ ಇಸೆಯೇ ಸಾಕ್ಷಿ.

ಈ ಅರಿವಿನಿಂದ 1923ರಲ್ಲಿ ದೇವಾಲಯದ ಅರಣ್ಯಕ್ಕೆ ಇನ್ನೂರು ವರ್ಷಗಳ ಯೋಜನೆಯೊಂದು ಸಿದ್ಧವಾಯಿತು. ಸುಮಾರು 5,500 ಹೆಕ್ಟೇರ್ ವಿಸ್ತಾರದ ಈ ಕಾಡಿನಲ್ಲಿ ಹಿನೋಕಿಯನ್ನು ನೆಟ್ಟು, ಅಗಲ ಎಲೆಯ ಮರಗಳನ್ನೂ ಜೊತೆಗೆ ಉಳಿಸಿಕೊಂಡರು. ಹೆಮ್ಮರವಾಗಬಲ್ಲ ಮರಗಳಿಗೆ ಬಿಳಿ ಬಣ್ಣದ ಪಟ್ಟಿ ಬಳಿದು, ಸುತ್ತಲಿನ ಮರಗಳನ್ನು ವಿರಳಗೊಳಿಸಿದರು. 2013ರ ಗುಡಿಗೆ ಬೇಕಾದ ಮರದಲ್ಲಿ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಈ ಕಾಡಿನಿಂದಲೇ ದೊರೆಯಿತು. ಸುಮಾರು ಏಳುನೂರು ವರ್ಷಗಳ ಬಳಿಕ ಹೀಗಾದುದು ಅದೇ ಮೊದಲು. ಸಸಿ ನೆಟ್ಟ ಮೊದಲಿಗರಾರೂ ಅದನ್ನು ಕಾಣಲಿಲ್ಲ.

ಕಡಿಯುವುದಕ್ಕೂ ಅಲ್ಲಿ ಮರ್ಯಾದೆಯಿದೆ. ಮುಂದಿನ ಗುಡಿಗಾಗಿ 2025ರಲ್ಲಿ ಕಿಸೊದಲ್ಲಿ ಮೊದಲ ಮರಗಳನ್ನು ವಿಧಿಪೂರ್ವಕವಾಗಿ ಕೊಡಲಿಯಿಂದ ಕಡಿಯಲಾಯಿತು. ಉರುಳಿದ ಮರದ ತುದಿಯ ರೆಂಬೆಯನ್ನು ಅದರ ಬುಡದ ಮೇಲೆ ನಿಲ್ಲಿಸಿ ಕೃತಜ್ಞತೆ ಸಲ್ಲಿಸುವುದು ಹಳೆಯ ಸಂಪ್ರದಾಯ. ಬಿಚ್ಚಿದ ಗುಡಿಯ ಮರವೂ ವ್ಯರ್ಥವಾಗದು. ಪ್ರಧಾನ ಕಂಬಗಳು ಸೇತುವೆಯ ತೋರಣದ್ವಾರಗಳಾಗುತ್ತವೆ, ಉಳಿದ ಮರ ಬೇರೆ ಗುಡಿಗಳಿಗೆ ಸಲ್ಲುತ್ತದೆ.

ಕೊಡಗೊಂದರಲ್ಲಿಯೇ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ. ಮಲೆನಾಡಿನ ಊರುಗಳಲ್ಲಿ ಗುಡಿಯ ಜೀರ್ಣೋದ್ಧಾರಕ್ಕೆ ಸಭೆ ಸೇರುವುದುಂಟು, ಚಂದಾ ಎತ್ತುವುದುಂಟು. ಅದೇ ಸಭೆಯಲ್ಲಿ ದೇವರಕಾಡಿನ ಎಲ್ಲೆಯನ್ನು ಗುರುತಿಸುವ, ತೆರವಾದೆಡೆ ಅಲ್ಲಿನದೇ ಜಾತಿಯ ಸಸಿ ನೆಡುವ ನಿರ್ಣಯವೂ ಆಗಲಿ. ಗುಡಿಯನ್ನು ಮತ್ತೆ ಕಟ್ಟಲು ಒಂದು ವರ್ಷ ಸಾಕು; ಕಾಡಿಗೆ ಇನ್ನೂರು ವರ್ಷ ಬೇಕು.