ಹೇಳಬೇಕಾದದ್ದು, ತಿಳಿದುಕೊಳ್ಳಬೇಕಾದದ್ದು

(ಸಂಘದ ಉಪನ್ಯಾಸ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಪಠ್ಯ)



ಗಣಕಯಂತ್ರದ ಭಾಷೆಗಳನ್ನು ಕುರಿತು ಕನ್ನಡದಲ್ಲಿ ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನಾನು ಹಿಂಜರಿದೆ. ಕೊನೆಗೆ ಒಪ್ಪಿದ್ದು, ಒಂದು ಹಳೆಯ ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳಲು ಅವಕಾಶ ದೊರೆಯುತ್ತದೆಂಬ ಕಾರಣಕ್ಕೆ.

1990ರ ದಶಕದ ನಡುಭಾಗ. ದೆಹಲಿಯ ಒಂದು ಕಚೇರಿಗೆ ಹೊಸದಾಗಿ ಬಂದಿದ್ದೆ. ಅಲ್ಲಿನ ನೌಕರರ ಸಹಾಯ ನಿಧಿಯ ಠೇವಣಿಗಳಿಗೆ ಬಡ್ಡಿ ಲೆಕ್ಕ ಹಾಕಲು ಫೋರ್‌ಟ್ರಾನ್ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದುಕೊಟ್ಟೆ. ಪರೀಕ್ಷೆಗೆಂದು ಶೇಕಡಾ 12ರ ದರವನ್ನು ಬಳಸಿದ್ದೆ. ಉತ್ತರಗಳು ಕೈಲೆಕ್ಕಕ್ಕೆ ತಾಳೆಯಾದವು. ಮುಂದೆ ದರ 12.5 ಆಯಿತು. ನಿವೃತ್ತಿಯ ಅಂಚಿನಲ್ಲಿದ್ದ ದಫ್ತರಿಯೊಬ್ಬರು ಹಳೆಯ ಲಕೋಟೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಲೆಕ್ಕ ಹಾಕಿ ತಂದರು. ಅವರ ಹತ್ತು ಸಾವಿರ ರೂಪಾಯಿಗೆ ವರ್ಷಕ್ಕೆ 1,250 ರೂಪಾಯಿ ಬರಬೇಕಿತ್ತು. ಯಂತ್ರ 1,200 ಎಂದಿತ್ತು. 'ಯಂತ್ರ ತಪ್ಪು ಮಾಡುವುದಿಲ್ಲ' ಎಂದು ಹೇಳಿ ಅವರನ್ನು ಕಳುಹಿಸಿಬಿಟ್ಟೆ. ಸ್ನಾತಕೋತ್ತರ ಪದವಿಯ ಗರ್ವಕ್ಕೆ ಆ ಲಕೋಟೆಯನ್ನು ಓದಿ ನೋಡುವಷ್ಟು ತಾಳ್ಮೆಯೂ ಇರಲಿಲ್ಲ.

ಆದರೆ ಮನಸ್ಸು ಸುಮ್ಮನಿರಲಿಲ್ಲ. ಸಂಜೆ ಕುಳಿತು ಹುಡುಕಿದಾಗ ತಪ್ಪು ಸಿಕ್ಕಿತು. ಬಡ್ಡಿದರಕ್ಕೆ ನಾನು ಇಟ್ಟ ಹೆಸರು ಇಂಗ್ಲಿಷಿನ 'ಇಂಟರೆಸ್ಟ್' ಪದದ ಮೊಟಕು ರೂಪ. ಅದರ ಮೊದಲಕ್ಷರ 'ಐ'. ಫೋರ್‌ಟ್ರಾನ್‌ನಲ್ಲಿ ಹೆಸರೊಂದರ ಪ್ರಕಾರವನ್ನು ನಾವು ಘೋಷಿಸದಿದ್ದರೆ ಭಾಷೆಯೇ ತೀರ್ಮಾನಿಸಿಬಿಡುತ್ತದೆ: ರೋಮನ್ ಲಿಪಿಯ 'ಐ'ನಿಂದ 'ಎನ್'ವರೆಗಿನ ಆರು ಅಕ್ಷರಗಳಿಂದ ಆರಂಭವಾದರೆ ಪೂರ್ಣಾಂಕ, ಉಳಿದುವೆಲ್ಲ ದಶಮಾಂಶ ಸಂಖ್ಯೆ. ಹೀಗಾಗಿ 12.5 ಎಂಬುದು ಸದ್ದಿಲ್ಲದೆ 12 ಆಗಿತ್ತು. ಮರುದಿನ ದಫ್ತರಿಯವರ ಮೇಜಿಗೆ ಹೋಗಿ ಕ್ಷಮೆ ಕೇಳಿದೆ. ಎಲ್ಲ ಖಾತೆಗಳನ್ನೂ ಹೊಸದಾಗಿ ಲೆಕ್ಕ ಹಾಕಿಸಿದೆ. ಅವರು ಕೇಳಿದ್ದು ಇಷ್ಟೇ: 'ಸಾಹೇಬರೇ, ದರದಲ್ಲಿ ಅರ್ಧವಿದೆಯೆಂದು ನೀವು ಯಂತ್ರಕ್ಕೆ ಹೇಳಿರಲಿಲ್ಲವೇ?' ಅರ್ಧವನ್ನು ಹೇಳಿದ್ದೆ. ಅದನ್ನು ಹಿಡಿಯುವ ಪಾತ್ರೆ ಯಾವುದೆಂದು ಹೇಳಿರಲಿಲ್ಲ.

ಐಬಿಎಂ ಸಂಸ್ಥೆಯಲ್ಲಿ ಜಾನ್ ಬ್ಯಾಕಸ್ ಅವರ ತಂಡ 1957ರಲ್ಲಿ ಫೋರ್‌ಟ್ರಾನನ್ನು ಹೊರತಂದಾಗ ಈ ನಿಯಮ ಅನುಕೂಲವೆಂದೇ ತೋರಿತ್ತು. ಗಣಿತಜ್ಞರು ಎಣಿಕೆಗೆ ಹೇಗೂ ಅದೇ ಅಕ್ಷರಗಳನ್ನು ಬಳಸುತ್ತಿದ್ದರು. ಆದರೆ ಹೆಸರಿನ ಕಾಗುಣಿತ ತಪ್ಪಿದರೂ ಯಂತ್ರ ಆಕ್ಷೇಪಿಸದೆ ಹೊಸದೊಂದು ಹೆಸರು ಹುಟ್ಟಿತೆಂದು ಮುಂದುವರಿಯುತ್ತಿತ್ತು. 1960ರ ಆಲ್ಗಾಲ್ ಭಾಷೆ ಎಲ್ಲ ಹೆಸರುಗಳನ್ನೂ ಮೊದಲು ಘೋಷಿಸಬೇಕೆಂದು ಕಟ್ಟುಪಾಡು ವಿಧಿಸಿತು. ಫೋರ್‌ಟ್ರಾನ್ ಕೂಡ 1991ರ ಅಂತರರಾಷ್ಟ್ರೀಯ ಮಾನಕದಲ್ಲಿ, ಊಹೆಯನ್ನು ಸಂಪೂರ್ಣ ನಿಷೇಧಿಸುವ ಆಜ್ಞೆಯೊಂದಕ್ಕೆ ಸ್ಥಾನ ಕೊಟ್ಟಿತು.

ಹಾಗಾದರೆ ಎಲ್ಲವನ್ನೂ ಘೋಷಿಸುವುದೇ ಮಾರ್ಗವೇ? ಇಲ್ಲಿ ನಮ್ಮ ನ್ಯಾಯಶಾಸ್ತ್ರ ನೆರವಿಗೆ ಬರುತ್ತದೆ. ಬಲ್ಲವನು ಹೇಳಿದ ಮಾತು ಶಬ್ದಪ್ರಮಾಣ. ಬೆಟ್ಟದ ಮೇಲಿನ ಹೊಗೆಯನ್ನು ಕಂಡು ಬೆಂಕಿಯಿದೆಯೆಂದು ತಿಳಿಯುವುದು ಅನುಮಾನಪ್ರಮಾಣ. ಇಂದು ನಾವು 'ಅನುಮಾನ'ವೆಂದರೆ ಸಂಶಯವೆಂದುಕೊಂಡಿದ್ದೇವೆ. ಶಾಸ್ತ್ರದಲ್ಲಿ ಅದು ನಿಶ್ಚಿತ ಜ್ಞಾನದ ದಾರಿ. ಫೋರ್‌ಟ್ರಾನ್ ಮಾಡಿದ್ದು ಅನುಮಾನವಲ್ಲ, ಬರಿಯ ಊಹೆ. ಹೆಸರು ಕೇಳಿದೊಡನೆ ನಮ್ಮನ್ನು 'ಮದ್ರಾಸಿ' ಎಂದು ತೀರ್ಮಾನಿಸಿದ ನೆರೆಹೊರೆಯವರು ನಮಗೆಲ್ಲ ಪರಿಚಿತರೇ. ಅದೂ ಇದೇ ಬಗೆಯದು.

ನಿಜವಾದ ಅನುಮಾನವನ್ನು ಯಂತ್ರಕ್ಕೆ ಕಲಿಸಿದವರು ಎಡಿನ್‌ಬರೋ ವಿಶ್ವವಿದ್ಯಾಲಯದ ರಾಬಿನ್ ಮಿಲ್ನರ್. 1970ರ ದಶಕದಲ್ಲಿ ಅವರ ತಂಡ ರಚಿಸಿದ ಎಂಎಲ್ ಭಾಷೆ ಹೆಸರನ್ನು ನೋಡುವುದಿಲ್ಲ, ನಡತೆಯನ್ನು ನೋಡುತ್ತದೆ. ಯಾವುದಕ್ಕೋ 1ನ್ನು ಕೂಡಿಸಿ ಎಂದು ಬರೆದರೆ, 1 ಪೂರ್ಣಾಂಕವಾದ್ದರಿಂದ ಅದೂ ಪೂರ್ಣಾಂಕವೇ ಆಗಿರಬೇಕೆಂದು ತರ್ಕಿಸುತ್ತದೆ. ಮುಂದೆ ಅದನ್ನೇ ಅಕ್ಷರಮಾಲೆಯಂತೆ ಬಳಸಿದರೆ, ಪ್ರೋಗ್ರಾಂ ಓಡುವ ಮೊದಲೇ ತಡೆಯುತ್ತದೆ. ನನ್ನ 12.5 ಅಲ್ಲಿ ಅರ್ಧವನ್ನು ಕಳೆದುಕೊಳ್ಳುತ್ತಿರಲಿಲ್ಲ. ಮಿಲ್ನರ್ ಅವರಿಗೆ 1991ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಸಂದಿತು.

ಕನ್ನಡಿಗರಿಗೆ ಇದು ಹೊಸದಲ್ಲ. 'ಬಂದಳು' ಎಂದರೆ ಸಾಕು. ಬಂದವಳು ಹೆಣ್ಣು, ಒಬ್ಬಳೇ, ಮಾತನಾಡುತ್ತಿರುವವಳೂ ಅಲ್ಲ, ಕೇಳುತ್ತಿರುವವಳೂ ಅಲ್ಲವೆಂದು ಪ್ರತ್ಯಯದಿಂದಲೇ ತಿಳಿಯುತ್ತದೆ. 'ಅವಳು' ಎಂದು ಘೋಷಿಸಬೇಕಾಗಿಲ್ಲ. ಆದರೆ 'ಬಂದರು' ಎಂದಾಗ? ಹಲವರೋ, ಗೌರವಾರ್ಹರಾದ ಒಬ್ಬರೋ? ಅಲ್ಲಿ ಹೇಳಲೇಬೇಕು. ಅನುಮಾನಕ್ಕೂ ಒಂದು ಮೇರೆಯಿದೆ.

ಎಂಎಲ್ ಭಾಷೆಯಲ್ಲಿಯೂ ಆ ಮೇರೆ ಬೇಗ ಕಾಣುತ್ತದೆ. ತಪ್ಪು ಒಂದು ಸಾಲಿನಲ್ಲಿದ್ದರೆ ಆಕ್ಷೇಪ ಎಷ್ಟೋ ಸಾಲುಗಳಾಚೆ ಬರಬಹುದು, ಏಕೆಂದರೆ ತರ್ಕದ ಸರಪಳಿ ಮುರಿಯುವುದು ಅಲ್ಲಿ. ಮಿಗಿಲಾಗಿ, ಯಂತ್ರ ತಿಳಿದುಕೊಂಡದ್ದನ್ನು ಮೂರು ವರ್ಷಗಳ ಅನಂತರ ಕಡತ ತೆರೆಯುವ ಮನುಷ್ಯನೂ ತಿಳಿದುಕೊಳ್ಳಬೇಕಲ್ಲ! ಇತ್ತ ಎಲ್ಲವನ್ನೂ ಘೋಷಿಸೆನ್ನುವ ಭಾಷೆಗಳು ಒಂದೇ ಅರ್ಜಿಯನ್ನು ಮೂರು ಪ್ರತಿಗಳಲ್ಲಿ ಕೇಳುವ ನಮ್ಮ ಕಚೇರಿಗಳಂತೆ ಬೇಸರ ತರಿಸಿದವು. ಘೋಷಣೆಯೊಂದೇ ರಕ್ಷೆಯೂ ಅಲ್ಲ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ಟು ಮೊದಲ ಹಾರಾಟದಲ್ಲೇ ನಾಶವಾಯಿತು. ಅದರ ಪ್ರೋಗ್ರಾಂ ಇದ್ದುದು ಘೋಷಣೆಗಳಿಗೆ ಹೆಸರಾದ ಏಡಾ ಭಾಷೆಯಲ್ಲಿ. ಏರಿಯಾನ್ 4ರಿಂದ ಎತ್ತಿಕೊಂಡ ಆ ಭಾಗದಲ್ಲಿ 64 ಬಿಟ್‌ಗಳ ದಶಮಾಂಶ ಸಂಖ್ಯೆಯನ್ನು 16 ಬಿಟ್‌ಗಳ ಪೂರ್ಣಾಂಕಕ್ಕೆ ತುಂಬಲು ಹೋದಾಗ ಅದು ಹಿಡಿಸಲಿಲ್ಲ. ಪಾತ್ರೆಯ ಹೆಸರು ಬರೆದಿತ್ತು. ಹೊಸ ರಾಕೆಟ್ಟಿಗೆ ಅದರ ಅಳತೆ ಸಾಕೇ ಎಂದು ನೋಡಿರಲಿಲ್ಲ.

ಈಗ ಭಾಷಾರಚಕರು ಬಹುಮಟ್ಟಿಗೆ ಒಂದು ನಡುದಾರಿಗೆ ಬಂದಿದ್ದಾರೆ. ಜಾವಾ 2018ರಲ್ಲಿ ಅನುಮಾನಕ್ಕೆ ಎಡೆಕೊಟ್ಟಾಗ ಫಂಕ್ಷನ್ನಿನ ಒಳಗಿನ ಹೆಸರುಗಳಿಗೆ ಮಾತ್ರ ಕೊಟ್ಟಿತು; ಅದು ಹೊರಗಿನಿಂದ ಪಡೆಯುವುದನ್ನೂ ಹೊರಗೆ ಕೊಡುವುದನ್ನೂ ಇನ್ನೂ ಘೋಷಿಸಲೇಬೇಕು. 2015ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ರಸ್ಟ್ ಭಾಷೆಯ ಕಟ್ಟಳೆಯೂ ಇದೇ. ಮನೆಯೊಳಗೆ ಅನುಮಾನ, ಹೊಸ್ತಿಲಲ್ಲಿ ಘೋಷಣೆ. ಒಳಗಿರುವವರು ಒಬ್ಬರ ನಡತೆಯನ್ನೊಬ್ಬರು ಕಣ್ಣಾರೆ ಕಾಣುತ್ತಾರೆ. ಹೊಸ್ತಿಲಾಚೆಯವನಿಗೆ ಮಾತೇ ಆಧಾರ.

ನನಗೆ ಈ ವಿವೇಕ ಕಂಪ್ಯೂಟರಿಗಷ್ಟೇ ಸೇರಿದ್ದೆಂದು ತೋರುವುದಿಲ್ಲ. ನಮ್ಮ ಮನೆಗಳಲ್ಲಿ ಕನ್ನಡವನ್ನು ಯಾರೂ ಘೋಷಿಸುವುದಿಲ್ಲ; ಮಕ್ಕಳು ಬಳಕೆಯಿಂದಲೇ ತಿಳಿಯುತ್ತಾರೆ, ಬಳಸಿದರೆ ಮಾತ್ರ ತಿಳಿಯುತ್ತಾರೆ. ಆದರೆ ಜನಗಣತಿಯವರು ಬಾಗಿಲಲ್ಲಿ ನಿಂತು ಮಾತೃಭಾಷೆಯ ಕಲಮಿಗೆ ಬಂದಾಗ ನಮ್ಮ ಹೆಸರನ್ನೋ ವಿಳಾಸವನ್ನೋ ನೋಡಿ ಬರೆದುಕೊಳ್ಳಲಿ ಎಂದು ಸುಮ್ಮನಿರಬಾರದು. ಬಾಯಿಬಿಟ್ಟು ಹೇಳಬೇಕು. ಹೇಳದೆ ಬಿಟ್ಟದ್ದನ್ನು ಲೆಕ್ಕದ ಕಾಗದ ಹೇಗೆ ತುಂಬಿಕೊಳ್ಳುತ್ತದೆಂಬುದನ್ನು ನಾನು ಆ ಐವತ್ತು ರೂಪಾಯಿಗಳಲ್ಲಿ ಕಂಡಿದ್ದೇನೆ.