ಕೈ ಹಿಡಿದು ತಿದ್ದಿಸುವವರು



ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರಿದ್ದಾರೆ. ತಮ್ಮ ತಾಯಿ ಹೇಳುತ್ತಿದ್ದ ಹಾಡು, ಗಾದೆ, ಮನೆಮದ್ದು, ಅಡುಗೆ ಎಲ್ಲವನ್ನೂ ಎಷ್ಟೋ ವರ್ಷಗಳ ಹಿಂದೆ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಇಟ್ಟುಕೊಂಡಿದ್ದರು. ಮೊನ್ನೆ ಹೊಸ ಲ್ಯಾಪ್‌ಟಾಪಿನಲ್ಲಿ ಆ ಫೈಲುಗಳನ್ನು ತೆರೆದರೆ ಕನ್ನಡವೇ ಕಾಣಿಸಲಿಲ್ಲ. ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ರೋಮನ್ ಅಕ್ಷರಗಳೇ ಸಾಲುಸಾಲು. ಹಳೆಯ ನುಡಿ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಹೀಗಾಗುತ್ತದೆಂದು ಕನ್ನಡ ಟೈಪ್ ಮಾಡುವ ಬಹಳ ಜನಕ್ಕೆ ಗೊತ್ತು. ಅವರಿಗೆ ಗೊತ್ತಿರಲಿಲ್ಲ. ಅಮ್ಮನ ಮಾತೆಲ್ಲ ಅಳಿಸಿಹೋಯಿತೆಂದೇ ಕಂಗಾಲಾಗಿ ಕೂತಿದ್ದರು.

ಪುಣೆಯಲ್ಲಿ ಕೆಲಸದಲ್ಲಿರುವ ಅವರ ತಂಗಿಯ ಮಗ ಅಂದು ಸಂಜೆ ಫೋನಿನಲ್ಲಿ ಸಿಕ್ಕ. ನಮ್ಮ ಪರದೆಯನ್ನು ದೂರದವರಿಗೆ ತೋರಿಸಲು ವಿಂಡೋಸಿನಲ್ಲೇ ಇರುವ ಕ್ವಿಕ್ ಅಸಿಸ್ಟ್ ತೆರೆಯಲು ಹೇಳಿ, ಆರು ಅಕ್ಷರದ ಒಂದು ಕೋಡ್ ಕೊಟ್ಟ. ಕೋಡ್ ಕೊಡುವ ಮೊದಲು ಅವನು ಆಡಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. "ದೊಡ್ಡಮ್ಮ, ಬ್ಯಾಂಕಿಂದು, ಫೋಟೊ, ಕಾಗದಪತ್ರ ಏನಾದ್ರೂ ತೆರೆದಿಟ್ಟಿದ್ರೆ ಮೊದ್ಲು ಮುಚ್ಚಿಬಿಡಿ. ಆಮೇಲೆ ಒಪ್ಪಿಗೆ ಕೊಡಿ." ಪರದೆ ಕಾಣಿಸತೊಡಗಿದ ಮೇಲೆ ಇನ್ನೊಂದು ಮಾತು: "ಮೌಸ್ ನಿಮ್ಮ ಕೈಲೇ ಇರ್ಲಿ. ನಾನು ತೋರಿಸ್ತೀನಿ, ನೀವು ಒತ್ತಿ."

ಒತ್ತಬೇಕಾದ ಕಡೆ ಅವನು ಪರದೆಯ ಮೇಲೆ ಗೆರೆ ಎಳೆದು ಗುರುತು ಮಾಡುತ್ತಿದ್ದ. ಇವರು ಹುಡುಕಿ ಒತ್ತುತ್ತಿದ್ದರು. ತಪ್ಪಾದರೆ ಹಿಂದಕ್ಕೆ ಬರುವುದು ಹೇಗೆಂದು ಹೇಳಿಕೊಡುತ್ತಿದ್ದ. ಹಳೆಯ ಅಕ್ಷರಗಳನ್ನು ಯೂನಿಕೋಡಿಗೆ ಬದಲಾಯಿಸುವ ಕೆಲಸವನ್ನು ಅವನೇ ಮಾಡಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತು. ಮುಕ್ಕಾಲು ಗಂಟೆ ಹಿಡಿಯಿತು. ಎರಡನೆಯ ಫೈಲನ್ನು ಅವರು ತಾವೇ ಬದಲಾಯಿಸಿದರು.

ನಾವು ಅಕ್ಷರ ಕಲಿತದ್ದೂ ಹೀಗೆಯೇ ಅಲ್ಲವೇ? ತಟ್ಟೆಯಲ್ಲಿ ಅಕ್ಕಿ ಹರವಿ, ಇಲ್ಲವೇ ನೆಲದ ಮೇಲೆ ಮರಳು ಹರಡಿ, ಹಿರಿಯರು ನಮ್ಮ ತೋರುಬೆರಳು ಹಿಡಿದು ತಿದ್ದಿಸುತ್ತಿದ್ದರು. ಮೊದಮೊದಲು ಹಿಡಿತ ಬಿಗಿ. ಬೆರಳು ಹೋಗುವುದೆಲ್ಲ ಅವರ ಕೈ ಒಯ್ದ ಕಡೆಗೇ. ಮರುದಿನ ಸ್ವಲ್ಪ ಸಡಿಲ. ಆಮೇಲೆ ಅವರ ಕೈ ಮೇಲೆ ಸುಮ್ಮನೆ ಇದೆ, ಒಳಗಿನ ಬೆರಳು ತಾನೇ ತಾನಾಗಿ 'ಅ' ಸುತ್ತುತ್ತಿದೆ. ಮಗುವಿಗೆ ಅದರ ಅರಿವೂ ಇಲ್ಲ. ಎಷ್ಟು ಒತ್ತಬೇಕು, ಎಲ್ಲಿ ಬಿಡಬೇಕು ಎನ್ನುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಮಗುವಿನ ಮೇಲಿನ ಅಕ್ಕರೆಯೇ ಅದನ್ನು ಹೇಳಿಕೊಡುತ್ತಿತ್ತು. ಎಂಟುನೂರು ಕಿಲೋಮೀಟರು ದೂರದಿಂದ ಆ ಹುಡುಗ ಮಾಡಿದ್ದು ಅದನ್ನೇ.

ಈ ವಿವೇಕ ಪರದೆ ಹಂಚಿಕೊಳ್ಳುವ ತಂತ್ರದ ಹುಟ್ಟಿನಲ್ಲೇ ಇತ್ತು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ ಎಂಬ ಎಂಜಿನಿಯರು ಸಭೆಯ ಮುಂದೆ ಒಂದು ಪ್ರಯೋಗ ಮಾಡಿ ತೋರಿಸಿದರು. ಜಗತ್ತು ಮೌಸನ್ನು ಮೊದಲು ಬಹಿರಂಗವಾಗಿ ನೋಡಿದ್ದು ಅಲ್ಲಿಯೇ. ಸುಮಾರು ಐವತ್ತು ಕಿಲೋಮೀಟರು ದೂರದ ಮೆನ್ಲೋ ಪಾರ್ಕಿನಲ್ಲಿದ್ದ ಸಹೋದ್ಯೋಗಿ ಬಿಲ್ ಪ್ಯಾಕ್ಸ್‌ಟನ್ ಅದೇ ಬರಹವನ್ನು ತಮ್ಮ ಪರದೆಯಲ್ಲಿ ಅದೇ ಹೊತ್ತಿಗೆ ನೋಡುತ್ತಿದ್ದರು. ಪ್ಯಾಕ್ಸ್‌ಟನ್ ತಮ್ಮ ಕರ್ಸರಿನಿಂದ ಬೇಕಾದ್ದನ್ನು ತೋರಿಸಬಹುದಿತ್ತು; ಬದಲಾಯಿಸುವ ಅಧಿಕಾರವನ್ನು ಮಾತ್ರ ಎಂಗೆಲ್‌ಬಾರ್ಟ್ ತಮ್ಮಲ್ಲೇ ಇಟ್ಟುಕೊಂಡಿದ್ದರು. ತೋರಿಸುವವರು ಒಬ್ಬರು, ಮಾಡುವವರು ಒಬ್ಬರು. ಈ ಏರ್ಪಾಡು ನನಗೆ ಬಹಳ ಹಿಡಿಸಿತು.

ಇದೇ ಬಾಗಿಲಿನಿಂದ ಕಳ್ಳರೂ ಬರುತ್ತಾರೆ. ಪರದೆ ಹಂಚಿಕೊಳ್ಳುವ ಇಂಥ ಆ್ಯಪ್ ಒಂದನ್ನು ಹಾಕಿಸಿ ಖಾತೆಯ ಹಣ ದೋಚುತ್ತಿದ್ದಾರೆಂದು 2019ರ ಫೆಬ್ರವರಿಯಲ್ಲೇ ರಿಸರ್ವ್ ಬ್ಯಾಂಕು ಬ್ಯಾಂಕುಗಳನ್ನು ಎಚ್ಚರಿಸಿತ್ತು. ಈ ಕಳ್ಳರ ಮಾತೂ ನಯವಾಗಿಯೇ ಇರುತ್ತದೆ. ಆದರೆ ನಾವು ಕರೆಯದೆ ತಾವಾಗಿ ಫೋನು ಮಾಡುತ್ತಾರೆ, ಅವಸರ ಮಾಡುತ್ತಾರೆ, ಮನೆಯವರಿಗೆ ಹೇಳಬೇಡಿ ಎನ್ನುತ್ತಾರೆ. ಬ್ಯಾಂಕಿನ ಪುಟ ಮುಚ್ಚಿ ಎಂದು ಅವರು ಎಂದೂ ಹೇಳುವುದಿಲ್ಲ, ತೆರೆಯಿರಿ ಎನ್ನುತ್ತಾರೆ. ಮೋಸ ಹೋದೆವು ಎನ್ನಿಸಿದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾಚಿಕೆಯಿಂದ ತಡ ಮಾಡಿದಷ್ಟೂ ಹಣ ಕೈಗೆಟುಕದಷ್ಟು ದೂರ ಹೋಗುತ್ತದೆ.

ಇನ್ನು, ಒಳ್ಳೆಯ ಮನಸ್ಸಿನ ಮಕ್ಕಳೇ ಮಾಡುವ ಒಂದು ತಪ್ಪಿದೆ, ಅದನ್ನೂ ಹೇಳಿಬಿಡುತ್ತೇನೆ. "ಬಿಡಮ್ಮ, ನಿನಗೆ ಗೊತ್ತಾಗಲ್ಲ, ನಾನೇ ಮಾಡ್ತೀನಿ." ಬಾಣ ಪರದೆಯ ಮೇಲೆ ಸರಸರ ಓಡುತ್ತದೆ, ಏನೇನೋ ತೆರೆದು ಮುಚ್ಚುತ್ತದೆ, "ಆಯ್ತು, ಇಡ್ತೀನಿ." ಕೆಲಸವೇನೋ ಆಯಿತು. ತಾಯಿ ಮಾತ್ರ ತನ್ನ ಯಂತ್ರದ ಮುಂದೆಯೇ ಪರಕೀಯಳಂತೆ ಕೂತಿರುತ್ತಾಳೆ. ಮುಂದಿನ ಸಲ ಫೋನು ಮಾಡಲು ಅವಳಿಗೆ ಇನ್ನಷ್ಟು ಹಿಂಜರಿಕೆ. ಕಚೇರಿಯ ದಣಿವು, ಅಲ್ಲಿನ ಮೀಟಿಂಗುಗಳು ನನಗೆ ಅರ್ಥವಾಗುತ್ತವೆ. ಪುರುಸೊತ್ತಿಲ್ಲದಿದ್ದರೆ ಭಾನುವಾರ ಮಾಡೋಣ ಎನ್ನಿ. ಅವಸರದಲ್ಲಿ ಅವರ ಕೈಯಿಂದ ಕಿತ್ತುಕೊಳ್ಳಬೇಡಿ.

ಹಿರಿಯರಿಗೂ ಒಂದು ಮಾತು. ಹುಡುಗರು ಬೇಗಬೇಗ ಹೋದರೆ "ನಿಲ್ಲಪ್ಪ, ಅದೇನು ಮಾಡಿದೆ, ಇನ್ನೊಂದು ಸಲ ತೋರಿಸು" ಎನ್ನಲು ಸಂಕೋಚವೇಕೆ? ಪುಸ್ತಕ ತೆಗೆದಿಟ್ಟುಕೊಂಡು ಬರೆದುಕೊಳ್ಳಿ. ನಮ್ಮ ಪಕ್ಕದ ಮನೆಯ ಟೀಚರಮ್ಮ ಮೂರು ಸಲ ಕೇಳಿದರು. ಮೂರು ಸಲವೂ ಆ ಹುಡುಗ ಹೇಳಿದ.